ಫಾರ್ವರ್ಡ್‌ನಲ್ಲಿ ಬಾರದ ಸತೀಶ್ ಧವನ್: ಗಾಳಿಯನ್ನು ಹದಕ್ಕೆ ತಂದ ಕೆಲಸ

ವಾಟ್ಸಾಪ್ ಗ್ರೂಪುಗಳಲ್ಲಿ ವರ್ಷಕ್ಕೆ ನಾಲ್ಕಾರು ಸಲ ಸುತ್ತು ಹೊಡೆಯುವ ಒಂದು ಕಥೆ ನಿಮಗೂ ಬಂದಿರುತ್ತದೆ. ರಾಕೆಟ್ ಸಮುದ್ರಕ್ಕೆ ಬಿತ್ತು. ಪತ್ರಕರ್ತರ ಮುಂದೆ ಹಿರಿಯರೊಬ್ಬರು ಕೂತು ಹೊಣೆಯನ್ನು ತಮ್ಮ ಮೇಲೆ ಹಾಕಿಕೊಂಡರು. ಮರುವರ್ಷ ರಾಕೆಟ್ ಗೆದ್ದಾಗ ಅದೇ ಹಿರಿಯರು ಹಿಂದೆ ಸರಿದು ಕಿರಿಯರನ್ನು ಮಾತಾಡಲು ಕಳಿಸಿದರು. ಕಿರಿಯರು ಅಬ್ದುಲ್ ಕಲಾಂ, ಹಿರಿಯರು ಸತೀಶ್ ಧವನ್.

ಮೊದಲು ಪರಿಶೀಲನೆ ಮುಗಿಸೋಣ. ಕಥೆ ನಿಜ. ಎಸ್‌ಎಲ್‌ವಿ-3 ರಾಕೆಟ್ ಮೊದಲ ಸಲ ಹಾರಿದ್ದು 1979ರ ಆಗಸ್ಟ್ 10ರಂದು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿ, ದಾರಿ ತಪ್ಪಿ, ಬಂಗಾಳ ಕೊಲ್ಲಿಗೆ ಬಿತ್ತು. 1980ರ ಜುಲೈ 18ರಂದು ಎರಡನೇ ಸಲ ಹಾರಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಎರಡೂ ದಿನ ನಡೆದದ್ದನ್ನು ಕಲಾಂ ಅವರೇ ಹಲವು ಸಭೆಗಳಲ್ಲಿ ಹೇಳಿಕೊಂಡಿದ್ದಾರೆ. ಒಂದು ತಿದ್ದುಪಡಿ ಮಾತ್ರ: ಕೆಲವರು ಧವನ್ ಅವರನ್ನು ಕಲಾಂ ಅವರ ಕಾಲೇಜಿನ ಮೇಷ್ಟ್ರು ಎಂದುಕೊಂಡಿದ್ದಾರೆ. ಅದು ಸರಿಯಲ್ಲ. ಕಲಾಂ ವಿಮಾನ ವಿಜ್ಞಾನ ಓದಿದ್ದು ಮದ್ರಾಸಿನಲ್ಲಿ. ಧವನ್ ಪಾಠ ಹೇಳಿದ್ದು ಬೆಂಗಳೂರಿನಲ್ಲಿ.

ಈ ಕಥೆ ಓದಿದವರಿಗೆ ಧವನ್ ಒಬ್ಬ ಒಳ್ಳೆಯ ಮೇಲಧಿಕಾರಿ ಎಂಬುದಷ್ಟೇ ತಿಳಿಯುತ್ತದೆ. ಇಸ್ರೊಗೆ ಬರುವ ಮೊದಲು ಇಪ್ಪತ್ತು ವರ್ಷ ಅವರು ಏನು ಮಾಡುತ್ತಿದ್ದರು ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರ ಇಲ್ಲ. ಅವರು ಗಾಳಿಯ ಜೊತೆ ಕೆಲಸ ಮಾಡುತ್ತಿದ್ದರು. ಸುರಂಗದೊಳಗೆ ಹರಿಯುವ ಗಾಳಿ, ಅದು ಲೋಹದ ಮೈಯನ್ನು ಉಜ್ಜುವ ಬಲ, ಶಾಂತವಾದ ಹರಿವು ಯಾವ ಜಾಗದಲ್ಲಿ ಕೆರಳುತ್ತದೆ ಎಂಬ ಲೆಕ್ಕ, ಇವೇ ಅವರ ವಿಷಯ. ಈ ಭಾಗವನ್ನು ಫಾರ್ವರ್ಡ್ ಮಾಡಲು ಕಷ್ಟ, ಒಪ್ಪುತ್ತೇವೆ. ಆದರೂ ಹೇಳಿ ನೋಡುತ್ತೇವೆ.

ಕಣದಲ್ಲಿ ನಿಂತು ನೋಡಿದರೆ

ನಮ್ಮ ಸಗರ ನಾಡಿನಲ್ಲಿ ಯಂತ್ರ ಬರುವ ಮೊದಲು ಜೋಳ, ತೊಗರಿ ರಾಶಿ ಮಾಡಿದವರಿಗೆ ಗಾಳಿಯ ಗುಣ ಯಾರೂ ಹೇಳಿಕೊಡಬೇಕಿರಲಿಲ್ಲ. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆಯೇ ಇದೆ. ಆದರೆ ಬಂದ ಗಾಳಿಯೆಲ್ಲ ತೂರುವುದಕ್ಕೆ ಆಗಿಬರುವುದಿಲ್ಲ. ಒಂದೇ ದಿಕ್ಕಿನಿಂದ, ಒಂದೇ ಹದದಲ್ಲಿ ಬೀಸುವ ಗಾಳಿಗೆ ಹೊಟ್ಟು ಆಚೆ, ಕಾಳು ಈಚೆ ಬೀಳುತ್ತದೆ. ಸುತ್ತಿ ಸುತ್ತಿ ಬರುವ ಗಾಳಿಗೆ ಮೊರ ಎತ್ತಿದರೆ ಹೊಟ್ಟು ತಿರುಗಿ ಕಾಳಿನ ಮೇಲೇ ಬೀಳುತ್ತದೆ, ಇಲ್ಲವೇ ತೂರುವವರ ಕಣ್ಣಿಗೆ ಬೀಳುತ್ತದೆ. ಗಾಳಿಯ ಜೋರಿಗಿಂತ ಅದರ ಹದ ಮುಖ್ಯ.

ಗಾಳಿಸುರಂಗ, ಅಂದರೆ ವಿಂಡ್ ಟನಲ್, ಇದೇ ಹದದ ಗಾಳಿಯನ್ನು ಬೇಕೆಂದಾಗ ತಯಾರಿಸುವ ಕಟ್ಟಡ. ವಿಮಾನದ ಸಣ್ಣ ಮಾದರಿಯನ್ನು ಒಳಗೆ ನಿಲ್ಲಿಸಿ ಅದರ ಮೇಲೆ ಗಾಳಿ ಹರಿಸುತ್ತಾರೆ. ಮಾದರಿಯನ್ನು ಗಾಳಿ ಎಷ್ಟು ಎತ್ತುತ್ತದೆ, ಎಷ್ಟು ಹಿಂದಕ್ಕೆ ನೂಕುತ್ತದೆ ಎಂದು ಅಳೆಯುತ್ತಾರೆ. ಹಾರುವ ವಿಮಾನಕ್ಕೂ ನಿಂತ ಗಾಳಿಗೂ ಇರುವ ಸಂಬಂಧವೇ ನಿಂತ ಮಾದರಿಗೂ ಹರಿಯುವ ಗಾಳಿಗೂ ಇರುತ್ತದೆ. ತತ್ವ ಇಷ್ಟೇ.

ಇಲ್ಲೊಂದು ತಪ್ಪು ಕಲ್ಪನೆ ಇದೆ. ದೊಡ್ಡ ಫ್ಯಾನ್ ಇಟ್ಟು ಮಾದರಿಯ ಮೇಲೆ ಗಾಳಿ ಊದುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಎರಡೂ ತುದಿ ತೆರೆದಿರುವ ಸುರಂಗಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುವುದು ಹಿಂದಿನ ತುದಿಯಲ್ಲಿ, ಮಾದರಿಯನ್ನು ದಾಟಿದ ಮೇಲೆ. ಅದು ಗಾಳಿಯನ್ನು ಊದುವುದಿಲ್ಲ, ಎಳೆಯುತ್ತದೆ. ಕಾರಣ ನಿಮ್ಮ ಮನೆಯಲ್ಲೇ ನೋಡಬಹುದು. ಟೇಬಲ್ ಫ್ಯಾನ್ ಮುಂದೆ ಊದುಬತ್ತಿ ಹಿಡಿಯಿರಿ, ಹೊಗೆ ಚೆಲ್ಲಾಪಿಲ್ಲಿಯಾಗುತ್ತದೆ. ಹಿಂದೆ ಹಿಡಿಯಿರಿ, ಹೊಗೆ ಎಳೆಯಾಗಿ ಸಾಗಿ ಫ್ಯಾನಿನೊಳಗೆ ಹೋಗುತ್ತದೆ. ರೆಕ್ಕೆ ದಾಟಿದ ಗಾಳಿ ತಿರುಗುತ್ತ ಬರುತ್ತದೆ, ರೆಕ್ಕೆ ಮುಟ್ಟದ ಗಾಳಿ ನೆಟ್ಟಗೆ ಬರುತ್ತದೆ.

ಲಾಹೋರಿನಿಂದ ಕ್ಯಾಲಿಫೋರ್ನಿಯಾಕ್ಕೆ

ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ. ಓದಿದ್ದು ಲಾಹೋರಿನಲ್ಲಿ. ಗಣಿತ ಮತ್ತು ಭೌತವಿಜ್ಞಾನದಲ್ಲಿ ಒಂದು ಪದವಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಇದು ಫಾರ್ವರ್ಡ್‌ನ ಉತ್ಪ್ರೇಕ್ಷೆ ಅಲ್ಲ, ಮೂರೂ ನಿಜ. ಅನಂತರ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಒಂದು ವರ್ಷ ಇದ್ದು ಅಮೆರಿಕಕ್ಕೆ ಹೋದರು. 1947ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಿಂದ ಎಂ.ಎಸ್. ಪಡೆದರು. ಅದೇ ವರ್ಷ ದೇಶ ಇಬ್ಭಾಗವಾಗಿ ಅವರು ಓದಿದ ಲಾಹೋರ್ ಗಡಿಯ ಆಚೆ ಉಳಿಯಿತು.

ಮುಂದಿನ ಊರು ಪಾಸಡೀನಾ, ಕ್ಯಾಲ್‌ಟೆಕ್ ಸಂಸ್ಥೆ. ಗುರು ಹಾನ್ಸ್ ಲೀಪ್‌ಮನ್. 1951ರಲ್ಲಿ ಪಿಎಚ್.ಡಿ. ಆಯ್ದುಕೊಂಡ ವಿಷಯ ಕೇಳಲು ಸಣ್ಣದು: ಹರಿಯುವ ಗಾಳಿ ಒಂದು ನಯವಾದ ತಟ್ಟೆಯನ್ನು ಎಷ್ಟು ಬಲದಿಂದ ಉಜ್ಜುತ್ತದೆ? ಅಲ್ಲಿಯವರೆಗೆ ಈ ಬಲವನ್ನು ಹೆಚ್ಚಾಗಿ ಸುತ್ತುಬಳಸಿ ಲೆಕ್ಕ ಹಾಕುತ್ತಿದ್ದರು. ಧವನ್ ನೇರವಾಗಿ ಅಳೆಯಲು ಹೊರಟರು. ತಟ್ಟೆಯ ಒಂದು ಚೂರನ್ನು ಕತ್ತರಿಸಿ, ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟು, ಅದೇ ಮಟ್ಟಕ್ಕೆ ಕೂರಿಸಿ, ಗಾಳಿ ಉಜ್ಜಿದಾಗ ಆ ಚೂರು ಎಷ್ಟು ಜರುಗುತ್ತದೆ ಎಂದು ವಿದ್ಯುತ್ ಸಾಧನದಿಂದ ಅಳೆದರು. ಚೂರು ಮೇಲ್ಮಟ್ಟದಿಂದ ಸ್ವಲ್ಪ ಎದ್ದರೂ ಇಳಿದರೂ ಅಳತೆ ಸುಳ್ಳು. ಶಬ್ದಕ್ಕಿಂತ ನಿಧಾನವಾದ ಹರಿವಿನಲ್ಲೂ ವೇಗವಾದ ಹರಿವಿನಲ್ಲೂ ಅಳೆದು ತೋರಿಸಿದ ಆ ಕೆಲಸವನ್ನು 1953ರಲ್ಲಿ ಅಮೆರಿಕದ ನಾಕಾ ಸಂಸ್ಥೆ ತನ್ನ ವರದಿಯಾಗಿ ಪ್ರಕಟಿಸಿತು. ಇವತ್ತಿಗೂ ಆ ಕ್ಷೇತ್ರದವರು ಅದರ ಹೆಸರು ಹೇಳುತ್ತಾರೆ.

ಅದೇ ಕಾಲದಲ್ಲಿ ಗೆಳೆಯ ಅನಾಟೋಲ್ ರೋಷ್ಕೊ ಜೊತೆ ಸೇರಿ ಇನ್ನೊಂದು ಸಾಧನ ಮಾಡಿದರು. ಶಬ್ದಕ್ಕಿಂತ ವೇಗದ ಸುರಂಗದಲ್ಲಿ ಮಾದರಿಯ ಮುಂದಿನ ದಾರಿ ಮೊದಲು ಕಿರಿದಾಗಿ ಆಮೇಲೆ ಅಗಲವಾಗಬೇಕು. ಈ ಬಾಗಿನ ಆಕಾರವೇ ಗಾಳಿಯ ವೇಗವನ್ನು ತೀರ್ಮಾನಿಸುತ್ತದೆ. ವೇಗ ಬದಲಿಸಬೇಕೆಂದರೆ ಆ ಅಚ್ಚನ್ನೇ ಬಿಚ್ಚಿ ಬೇರೆಯದು ಹಾಕಬೇಕಿತ್ತು. ಇವರು ಅಚ್ಚಿನ ಬದಲು ಬಾಗುವ ತಟ್ಟೆ ಇಟ್ಟರು. ತಟ್ಟೆಯನ್ನು ಬಾಗಿಸಿದರೆ ಸಾಕು, ವೇಗ ಬದಲಾಗುತ್ತದೆ. ಮಾದರಿಯನ್ನು ಮುಟ್ಟುವ ಮೊದಲೇ ಗಾಳಿಯನ್ನು ಸರಿಪಡಿಸುವ ವಿದ್ಯೆ ಧವನ್ ಅವರಿಗೆ ಅಭ್ಯಾಸವಾದದ್ದು ಹೀಗೆ.

ಬೆಂಗಳೂರಿಗೆ ಬಂದ ಎರಡು ದಾರಿ

1951ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಜಾಗಕ್ಕೆ ಬಂದರು. ಅಲ್ಲಿ ವಿಮಾನ ವಿಜ್ಞಾನ ವಿಭಾಗ 1942ರಲ್ಲೇ ಶುರುವಾಗಿತ್ತು. ಶುರು ಮಾಡಿದವರು ವಿ.ಎಂ. ಘಾಟಗೆ. ಅವರು ಜರ್ಮನಿಯ ಗಾಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಡ್ಟಲ್ ಬಳಿ ಓದಿದವರು. ಐವತ್ತರ ದಶಕದ ಮೊದಲಲ್ಲಿ ವಿಭಾಗ ನಡೆಸಿದ ಓ.ಜಿ. ಟೀಟ್ಯೆನ್ಸ್ ಕೂಡ ಪ್ರಾಂಡ್ಟಲ್ ಶಿಷ್ಯರೇ. ಇತ್ತ ಕ್ಯಾಲ್‌ಟೆಕ್‌ನ ವಿಮಾನ ಪ್ರಯೋಗಾಲಯವನ್ನು ಬೆಳೆಸಿದ ಫಾನ್ ಕಾರ್ಮಾನ್ ಕೂಡ ಅದೇ ಗಾಟಿಂಗನ್‌ನಲ್ಲಿ ಓದಿದವರು. ಒಂದೇ ಮನೆತನದ ಎರಡು ಕವಲು ಬೆಂಗಳೂರಿನಲ್ಲಿ ಕೂಡಿದಂತಾಯಿತು.

ಆ ಮನೆತನಕ್ಕೆ ಗಾಳಿಯ ಹದದ ಬೆಲೆ ಗೊತ್ತಾದ ಒಂದು ಹಳೆಯ ಪ್ರಕರಣ ಇದೆ, ನಮಗೆ ಬಹಳ ಇಷ್ಟವಾದದ್ದು. 1912ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಗುಸ್ತಾವ್ ಐಫೆಲ್, ಗೋಪುರ ಕಟ್ಟಿದ ಅದೇ ಐಫೆಲ್, ತಮ್ಮ ಸುರಂಗದಲ್ಲಿ ಗೋಲವೊಂದನ್ನು ಇಟ್ಟು ಗಾಳಿ ಅದನ್ನು ಎಷ್ಟು ನೂಕುತ್ತದೆ ಎಂದು ಅಳೆದರು. ಗಾಟಿಂಗನ್‌ನವರೂ ಅಳೆದಿದ್ದರು. ಪ್ಯಾರಿಸ್‌ನ ಸಂಖ್ಯೆ ಗಾಟಿಂಗನ್ ಸಂಖ್ಯೆಯ ಅರ್ಧಕ್ಕಿಂತ ಕಡಿಮೆ! ಗೋಲ ಒಂದೇ ತರದ್ದು, ಗಾಳಿಯೂ ಗಾಳಿಯೇ. ಯಾರೋ ಲೆಕ್ಕ ತಪ್ಪಿದ್ದಾರೆ ಎಂಬ ಅನುಮಾನ ಬಂತು. 1914ರಲ್ಲಿ ಪ್ರಾಂಡ್ಟಲ್ ಬಿಡಿಸಿ ತೋರಿಸಿದರು. ಗೋಲದ ಮೈಗೆ ಅಂಟಿಕೊಂಡು ಹರಿಯುವ ತೆಳ್ಳನೆಯ ಗಾಳಿಪದರ ಶಾಂತವಾಗಿದ್ದರೆ ಅದು ಬೇಗ ಮೈ ಬಿಟ್ಟು ಹೋಗುತ್ತದೆ, ಹಿಂದೆ ದೊಡ್ಡ ಸುಳಿ ಏಳುತ್ತದೆ, ಎಳೆತ ಹೆಚ್ಚು. ಪದರ ಕೆರಳಿದ್ದರೆ ಮೈಗೆ ಇನ್ನಷ್ಟು ದೂರ ಅಂಟಿಕೊಂಡು ಹೋಗುತ್ತದೆ, ಹಿಂದಿನ ಸುಳಿ ಚಿಕ್ಕದಾಗುತ್ತದೆ, ಎಳೆತ ಕಡಿಮೆ. ಗೋಲಕ್ಕೆ ತೆಳ್ಳನೆಯ ತಂತಿಯ ಬಳೆ ತೊಡಿಸಿ ಪದರವನ್ನು ಬೇಕಂತಲೇ ಕೆರಳಿಸಿದಾಗ ಅವರ ಸುರಂಗದಲ್ಲೂ ಎಳೆತ ಇಳಿಯಿತು. ಪದರ ಯಾವಾಗ ಕೆರಳುತ್ತದೆ ಎಂಬುದು ಗಾಳಿಯ ವೇಗದ ಮೇಲೆ ನಿಂತಿದೆ, ಜೊತೆಗೆ ಬರುವ ಗಾಳಿಯಲ್ಲೇ ಎಷ್ಟು ಸುಳಿ ಇದೆ ಎಂಬುದರ ಮೇಲೂ ನಿಂತಿದೆ. ಮುಂದೆ ಸುರಂಗದ ಗಾಳಿ ಎಷ್ಟು ಶುದ್ಧ ಎಂದು ಪರೀಕ್ಷಿಸಲು ಇಂಥ ಗೋಲವನ್ನೇ ಇಟ್ಟು ನೋಡುವುದು ರೂಢಿಯಾಯಿತು.

ಇದರಲ್ಲಿ ಪ್ರಾಣದ ಪ್ರಶ್ನೆ ಇದೆ. ಸುಳಿ ತುಂಬಿದ ಸುರಂಗದಲ್ಲಿ ರೆಕ್ಕೆಯನ್ನು ಪರೀಕ್ಷಿಸಿದರೆ ಅದು ನಿಜಕ್ಕಿಂತ ಹೆಚ್ಚು ಭಾರ ಎತ್ತಬಲ್ಲದು ಎಂದು ತೋರಬಹುದು. ಆ ಸಂಖ್ಯೆ ನಂಬಿ ವಿಮಾನ ಕಟ್ಟಿದರೆ, ಇಳಿಯುವ ಹೊತ್ತಿನಲ್ಲಿ ನಿಧಾನವಾದ ವಿಮಾನವನ್ನು ಶಾಂತ ಗಾಳಿ ಅಷ್ಟು ಎತ್ತಿ ಹಿಡಿಯುವುದಿಲ್ಲ. ಗಾಳಿಯ ದಿಕ್ಕು ಬರೀ 1 ಡಿಗ್ರಿ ಓರೆಯಾದರೂ ಲೆಕ್ಕ ಕೆಡುತ್ತದೆ. ಎತ್ತುವ ಬಲದ ಸುಮಾರು ಶೇ 1.7ರಷ್ಟು ಪಾಲು ಎಳೆತದ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಳ್ಳೆಯ ವಿಮಾನದಲ್ಲಿ ಎಳೆತ ಎತ್ತುವ ಬಲದ ಶೇ 5ರಷ್ಟು ಎಂದಿಟ್ಟುಕೊಂಡರೆ, ಒಂದು ಡಿಗ್ರಿಯ ತಪ್ಪಿಗೆ ಎಳೆತದ ಅಳತೆಯಲ್ಲಿ ಮೂರನೇ ಒಂದರಷ್ಟು ಸುಳ್ಳು.

ಸುರಂಗದ ಬಾಯಿಯಲ್ಲಿ ನಡೆಯುವುದೇನು?

ಹಾಗಾಗಿ ಸುರಂಗದ ಅಸಲಿ ಕೆಲಸ ಇರುವುದು ಅದರ ಬಾಯಿಯಲ್ಲಿ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಗೇಟಿನ ಬಾಯಲ್ಲಿ ನೀರು ಕುದಿಯುತ್ತದೆ. ಅದೇ ನೀರು ನೇರ ಕಾಲುವೆಯಲ್ಲಿ ದೂರ ಸಾಗಿದ ಮೇಲೆ ಎಷ್ಟೋ ಸಮಾಧಾನವಾಗಿರುತ್ತದೆ. ಸುರಂಗದಲ್ಲಿ ಅಷ್ಟು ದೂರ ಇಲ್ಲ. ಕೆಲವೇ ಮೀಟರ್‌ಗಳಲ್ಲಿ ಗಾಳಿಯನ್ನು ಸಮಾಧಾನ ಮಾಡಬೇಕು.

ಮೊದಲು ಬರುವುದು ಜೇನುಗೂಡಿನಂಥ ಜಾಲ. ಉದ್ದುದ್ದ ಕೊಳವೆಗಳ ಗುಚ್ಛ ಅದು. ಅಡ್ಡಡ್ಡ ಓಡುವ, ತಿರುಗುವ ಗಾಳಿ ಕೊಳವೆಯ ಗೋಡೆಗೆ ತಾಗಿ ನೆಟ್ಟಗಾಗುತ್ತದೆ. ಕೊಳವೆಯ ಉದ್ದ ಅದರ ಅಗಲದ 6ರಿಂದ 8 ಪಟ್ಟು ಇದ್ದರೆ ಚೆನ್ನ. (ಬೇಸಿಗೆಯಲ್ಲಿ ನಮ್ಮ ಮನೆಗಳ ಕೂಲರ್‌ನಲ್ಲಿರುವ ಜೇನುಗೂಡು ಪ್ಯಾಡ್ ಬೇರೆ. ಅದರ ಕೆಲಸ ನೀರು ಹೀರಿ ಗಾಳಿಯನ್ನು ತಂಪು ಮಾಡುವುದು. ಆಕಾರ ಮಾತ್ರ ನೆನಪಿಸುತ್ತದೆ.)

ಅದರ ಹಿಂದೆ ತಂತಿ ಬಲೆಗಳು, ಒಂದರ ಹಿಂದೆ ಒಂದು. ಇವು ಕಸ ಸೋಸುವುದಕ್ಕೆ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಅಲ್ಲ, ಇವು ವೇಗವನ್ನು ಸೋಸುತ್ತವೆ. ಬಲೆ ಒಡ್ಡುವ ತಡೆ ವೇಗದ ವರ್ಗದಂತೆ ಏರುತ್ತದೆ. ಎರಡರಷ್ಟು ವೇಗದಲ್ಲಿ ಬಂದ ಗಾಳಿ ನಾಲ್ಕರಷ್ಟು ಸುಂಕ ಕಟ್ಟಬೇಕು. ಹೀಗಾಗಿ ಮುನ್ನುಗ್ಗುವ ಗಾಳಿ ತಗ್ಗುತ್ತದೆ, ಹಿಂದುಳಿದದ್ದು ಸರಿಸಮ ಬರುತ್ತದೆ. ದೊಡ್ಡ ಸುಳಿಗಳು ಒಡೆದು ಚಿಕ್ಕವಾಗುತ್ತವೆ. ಚಿಕ್ಕ ಸುಳಿಗಳಿಗೆ ಆಯಸ್ಸು ಕಡಿಮೆ, ಸ್ವಲ್ಪ ಜಾಗ ಬಿಟ್ಟರೆ ತಾವೇ ಸಾಯುತ್ತವೆ. ಆ ಜಾಗಕ್ಕಾಗಿಯೇ ಬಲೆಗಳ ನಡುವೆ, ಬಲೆಗಳ ಆಚೆ ಖಾಲಿ ಕೋಣೆ ಬಿಡುತ್ತಾರೆ.

ಬಲೆ ದಟ್ಟವಾದಷ್ಟೂ ಒಳ್ಳೆಯದು ಎಂದುಕೊಂಡರೆ ಎಡವುತ್ತೇವೆ. ಬಲೆಯಲ್ಲಿ ತೂತಿನ ಪಾಲು ಸುಮಾರು ಶೇ 57ಕ್ಕಿಂತ ಕೆಳಗಿಳಿದರೆ ತೂತುಗಳಿಂದ ಹೊರಟ ಸಣ್ಣ ಗಾಳಿಧಾರೆಗಳು ಒಂದನ್ನೊಂದು ಅಪ್ಪಿಕೊಂಡು ಹೊಸ ಏರುಪೇರು ಹುಟ್ಟಿಸುತ್ತವೆ. ಬಲೆಗೆ ದೂಳು ಕಟ್ಟಿದರೂ ಇದೇ ಗತಿ. ಒಂದು ಮೂಲೆಯಲ್ಲಿ ದೂಳು ಕೂತರೆ ಆ ಮೂಲೆಯ ಗಾಳಿ ನಿಧಾನ. ಕೋಟಿಗಟ್ಟಲೆ ಬೆಲೆಯ ಸುರಂಗವನ್ನು ಒಂದು ಬ್ರಷ್ಷು ಕಾಪಾಡಬೇಕಾಗುತ್ತದೆ.

ಕೊನೆಯದು ಕಿರಿದಾಗುವ ಬಾಯಿ, ದೊಡ್ಡ ಆಲಿಕೆಯ ಹಾಗೆ. ಇದರ ಚಮತ್ಕಾರವನ್ನು ಸಂಖ್ಯೆಯಲ್ಲೇ ನೋಡಬೇಕು. ಅಗಲ ಜಾಗದಲ್ಲಿ ಗಾಳಿ ಸೆಕೆಂಡಿಗೆ 5 ಮೀಟರ್ ಹರಿಯುತ್ತಿದೆ, ಒಂದು ಕಡೆ ಮಾತ್ರ 5.5 ಇದೆ ಎನ್ನಿ. ಅಂದರೆ ಶೇ 10 ವ್ಯತ್ಯಾಸ. ಬಾಯಿಯ ವಿಸ್ತೀರ್ಣ ಒಂಬತ್ತನೇ ಒಂದಕ್ಕೆ ಇಳಿದಾಗ ವೇಗ ಒಂಬತ್ತು ಪಟ್ಟಾಗಿ 45 ಆಗುತ್ತದೆ. ಎರಡೂ ಎಳೆಗಳಿಗೆ ಒತ್ತಡ ಕೊಡುವ ಶಕ್ತಿ ಸಮ. ಹಾಗಾಗಿ ಮುಂದಿದ್ದ ಎಳೆ 45.06ರ ಸುಮಾರಿಗೆ ಬಂದು ನಿಲ್ಲುತ್ತದೆ. ಶೇ 10 ಇದ್ದ ವ್ಯತ್ಯಾಸ ಶೇ 0.13ಕ್ಕೆ ಇಳಿಯಿತು! ಶ್ರೀಮಂತನಿಗೂ ಬಡವನಿಗೂ ಒಂದೇ ದೊಡ್ಡ ಮೊತ್ತ ಕೊಟ್ಟಮೇಲೆ ಮೊದಲಿನ ಅಂತರ ಕಾಣದಾಗುವ ಹಾಗೆ.

ವಿಜ್ಞಾನ ಸಂಸ್ಥೆಯ ದೊಡ್ಡ ಸುರಂಗ ಇದೇ ಕುಲದ್ದು. ಹೊರಗಿನ ಗಾಳಿಯನ್ನು ಒಂದು ತುದಿಯಿಂದ ಎಳೆದು ಇನ್ನೊಂದು ತುದಿಯಿಂದ ಹೊರಬಿಡುತ್ತದೆ. ಮಾದರಿ ನಿಲ್ಲುವ ಭಾಗ ಮೊಟ್ಟೆಯಾಕಾರದ್ದು, 14 ಅಡಿ ಅಗಲ, 9 ಅಡಿ ಎತ್ತರ. ಅದು ಕೆಲಸಕ್ಕೆ ಬಂದದ್ದು 1959ರಲ್ಲಿ. ಧವನ್ 1955ರಿಂದಲೇ ವಿಭಾಗದ ಮುಖ್ಯಸ್ಥರಾಗಿದ್ದರು. ಅಲ್ಲಿ ವಿಮಾನ, ರಾಕೆಟ್‌ಗಳ ಜೊತೆ ಎತ್ತರದ ಕಟ್ಟಡ, ಚಿಮಣಿಗಳ ಮಾದರಿಗಳೂ ಗಾಳಿಗೆ ಎದುರಾಗಿ ನಿಂತಿವೆ.

ಧವನ್ ಅವರ ಸ್ವಂತ ಒಲವು ವೇಗದ ಸುರಂಗಗಳ ಕಡೆ. ಕೆಲವೇ ಅಂಗುಲ ಗಾತ್ರದ, ಶಬ್ದಕ್ಕಿಂತ ವೇಗದ ಗಾಳಿಸುರಂಗವನ್ನು ಅವರು ಐವತ್ತರ ದಶಕದಲ್ಲೇ ಇಲ್ಲಿ ಕಟ್ಟಿಸಿದರು. ಅಲ್ಲಿ ಗಾಳಿಯ ಹದ ಎಂದರೆ ಒಣಗಿರುವುದೂ ಸೇರುತ್ತದೆ. ಶಬ್ದದ ಎರಡು ಪಟ್ಟು ವೇಗಕ್ಕೆ ಹಿಗ್ಗಿದ ಗಾಳಿ ಕೋಣೆಯ 27 ಡಿಗ್ರಿ ಸೆಲ್ಸಿಯಸ್‌ನಿಂದ ಸೊನ್ನೆಗಿಂತ 106 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಅದರಲ್ಲಿ ತೇವ ಉಳಿದಿದ್ದರೆ ಸುರಂಗದೊಳಗೇ ಮಂಜು ಕಟ್ಟಿ ಅಳತೆಯೆಲ್ಲ ಹಾಳು. ಮಳೆಗಾಲದ ಬೆಂಗಳೂರಿನಲ್ಲಿ ಇದು ಸಣ್ಣ ತಲೆನೋವಲ್ಲ.

ಶಾಂತ ಗಾಳಿ ಎಲ್ಲಿ ಕೆರಳುತ್ತದೆ

1950ರ ದಶಕದ ನಡುವಿನಲ್ಲಿ ಬೆಂಗಳೂರಿನ ಹುಡುಗ ರೊದ್ದಂ ನರಸಿಂಹ ಧವನ್ ಬಳಿ ಸಂಶೋಧನೆಗೆ ಸೇರಿದರು. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಇಬ್ಬರೂ ಹಿಡಿದ ಪ್ರಶ್ನೆ ಆ ಹಳೆಯ ಗೋಲದ ಒಗಟಿಗೇ ನಂಟು: ಮೈಗಂಟಿದ ಶಾಂತ ಗಾಳಿಪದರ ಹೇಗೆ ಕೆರಳುತ್ತದೆ? ಅದು ಒಂದೇ ಗೆರೆಯಲ್ಲಿ ಥಟ್ಟನೆ ಕೆರಳುವುದಿಲ್ಲ. ಅಲ್ಲೊಂದು ಇಲ್ಲೊಂದು ಕಲೆಯಂತೆ ಸುಳಿ ಹುಟ್ಟಿ, ಹರಿದಂತೆಲ್ಲ ಹಿಗ್ಗಿ, ಕೂಡಿಕೊಳ್ಳುತ್ತವೆ. ಒಂದು ಜಾಗದಲ್ಲಿ ನಿಂತು ನೋಡಿದರೆ ಒಂದಿಷ್ಟು ಹೊತ್ತು ಶಾಂತ, ಒಂದಿಷ್ಟು ಹೊತ್ತು ಗದ್ದಲ. ಗದ್ದಲದ ಪಾಲು ದೂರ ಹೋದಂತೆ ಯಾವ ನಿಯಮದಲ್ಲಿ ಏರುತ್ತದೆ ಎಂದು ಇವರು ತೋರಿಸಿದರು. ಬೇರೆ ಬೇರೆ ಪ್ರಯೋಗಗಳ ಅಂಕಿಗಳು ಒಂದೇ ಬಾಗಿನ ಮೇಲೆ ಬಂದು ಕೂತವು. 1958ರಲ್ಲಿ ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಂದ ಆ ಲೇಖನ ಟರ್ಬೈನ್ ರೆಕ್ಕೆಗಳ ಲೆಕ್ಕಕ್ಕೂ ಮುಂದೆ ಆಧಾರವಾಯಿತು.

ಸುರಂಗದ ಬಾಯಿ ಕೆಟ್ಟಿದ್ದರೆ ಇಂಥ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಬರುವ ಗಾಳಿಯೇ ಕೆರಳಿದ್ದರೆ ಪದರ ತಾನಾಗಿ ಕೆರಳಿತೋ, ಹೊರಗಿನ ಗದ್ದಲ ಅದನ್ನು ಕೆರಳಿಸಿತೋ ಹೇಳಲಾಗದು. ಜರ್ಮನಿಯಲ್ಲಿ ಟೋಲ್‌ಮೀನ್ ಮತ್ತು ಷ್ಲಿಖ್ಟಿಂಗ್ ಲೆಕ್ಕದಲ್ಲಿ ಹೇಳಿದ್ದ ಸಣ್ಣ ಅಲೆಗಳನ್ನು ಹತ್ತಾರು ವರ್ಷ ಯಾರೂ ಕಾಣಲಿಲ್ಲ, ನಂಬದವರೂ ಇದ್ದರು. 1940ರ ದಶಕದಲ್ಲಿ ಅಮೆರಿಕದ ಷೂಬೌವರ್ ಮತ್ತು ಸ್ಕ್ರಾಮ್‌ಸ್ಟಾಡ್ ಬಲೆಗಳನ್ನು ಹಾಕಿ ಸುಳಿಯನ್ನು ವೇಗದ ಹತ್ತು ಸಾವಿರದಲ್ಲಿ ಎರಡು ಮೂರು ಪಾಲಿಗೆ ಇಳಿಸಿದ ಮೇಲೆ ಆ ಅಲೆಗಳು ಕಂಡವು. ಅಲೆ ಮೊದಲೂ ಇತ್ತು, ಗದ್ದಲದಲ್ಲಿ ಮುಳುಗಿತ್ತು.

ಆಮೇಲಿನ ಧವನ್ ಹೆಚ್ಚಿನವರಿಗೆ ಗೊತ್ತಿರುವವರು, ಬೇಗ ಹೇಳಿ ಮುಗಿಸುತ್ತೇವೆ. ಅರವತ್ತರ ದಶಕದ ಆರಂಭದಿಂದ 1981ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರು. 1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ತೀರಿಕೊಂಡಾಗ ಧವನ್ ಕ್ಯಾಲ್‌ಟೆಕ್‌ನಲ್ಲಿದ್ದರು. ಇಂದಿರಾ ಗಾಂಧಿ ಕರೆಸಿದರು. ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರಿಯುತ್ತೇನೆ, ಬಾಹ್ಯಾಕಾಶ ಕಾರ್ಯಕ್ರಮದ ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬುದು ಅವರ ಷರತ್ತು. ಎರಡೂ ಒಪ್ಪಿಗೆಯಾದವು. 1972ರಿಂದ 1984ರವರೆಗೆ ಇಸ್ರೊ ಅಧ್ಯಕ್ಷರು. ಆರ್ಯಭಟ ಹಾರಿದ್ದು ಅವರ ಕಾಲದಲ್ಲಿ, 1975ರ ಏಪ್ರಿಲ್ 19ರಂದು. ಅಲ್ಲಿಂದ ಬಿಡುಗಡೆಯಾದ ಮೇಲೂ ಗಾಳಿ ಬಿಡಲಿಲ್ಲ. 1984ರಿಂದ 1993ರವರೆಗೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಸಂಶೋಧನಾ ಮಂಡಳಿಯ ಅಧ್ಯಕ್ಷರಾಗಿದ್ದರು. ಅದೇ ಕಾಲಕ್ಕೆ ಆ ಪ್ರಯೋಗಾಲಯದ ನಿರ್ದೇಶಕರು ಶಿಷ್ಯ ನರಸಿಂಹ. ಅಲ್ಲಿ 1967ರಿಂದ ಇರುವ 1.2 ಮೀಟರ್ ಸುರಂಗದಲ್ಲಿ ಒತ್ತಿ ತುಂಬಿದ ಗಾಳಿಯನ್ನು ಒಮ್ಮೆಲೇ ಬಿಡುತ್ತಾರೆ. ಕವಾಟ ದಾಟಿ ಆರ್ಭಟಿಸುತ್ತ ಬರುವ ಗಾಳಿಯನ್ನು ಮಾದರಿ ಮುಟ್ಟುವಷ್ಟರಲ್ಲಿ ಸುಮ್ಮನಾಗಿಸಬೇಕು. ಅಲ್ಲೂ ಕೆಲಸಕ್ಕೆ ಬರುವುದು ಅದೇ ಅಗಲ ಕೋಣೆ, ಅದೇ ಬಲೆಗಳು.

ಶ್ರೀಹರಿಕೋಟೆಯ ಪಕ್ಕದ ಪುಲಿಕಾಟ್ ಸರೋವರದಲ್ಲಿ ಹಕ್ಕಿಗಳನ್ನು ನೋಡುತ್ತ ನಿಲ್ಲುವುದು ಅವರಿಗೆ ಪ್ರಿಯವಾಗಿತ್ತು. ಹಕ್ಕಿಗಳ ಹಾರಾಟದ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶ್ರೀಹರಿಕೋಟೆಯ ಉಡಾವಣಾ ಕೇಂದ್ರಕ್ಕೆ ಅವರ ಹೆಸರಿಟ್ಟರು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಗಾಳಿಸುರಂಗ ಮಾಡಲು ಹೊರಟ ಮಕ್ಕಳಿಗೆ ಒಂದು ಮಾತು. ರಟ್ಟಿನ ಪೆಟ್ಟಿಗೆಯ ಹಿಂದಿನ ತುದಿಗೆ ಫ್ಯಾನ್ ಇಡಿ, ಹೊರಗೆ ಊದುವ ಹಾಗೆ. ಮುಂದಿನ ತುದಿಗೆ ತಂಪು ಪಾನೀಯದ ಸ್ಟ್ರಾಗಳನ್ನು ಕತ್ತರಿಸಿ ಸಾಲಾಗಿ ಅಂಟಿಸಿ. 6 ಮಿಲಿಮೀಟರ್ ಅಗಲದ ಸ್ಟ್ರಾ ಆದರೆ 4ರಿಂದ 5 ಸೆಂಟಿಮೀಟರ್ ಉದ್ದ ಸಾಕು. ಅದರ ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟು ಕಿಟಕಿಯ ಸೊಳ್ಳೆ ಜಾಲರಿ ಹಾಕಿ. ಊದುಬತ್ತಿಯ ಹೊಗೆಯನ್ನು ಮೊದಲು ಸ್ಟ್ರಾ, ಜಾಲರಿ ಇಲ್ಲದೆ ಬಿಡಿ, ಆಮೇಲೆ ಅವುಗಳ ಜೊತೆ ಬಿಟ್ಟು ನೋಡಿ. ಫ್ಯಾನಿಗೆ ಬೆರಳು ತಾಗದಂತೆ ದೊಡ್ಡವರು ಪಕ್ಕದಲ್ಲಿರಲಿ. ಜಾಲರಿ ಹಳೆಯದಾದರೆ ಮೊದಲು ತೊಳೆದು ಒಣಗಿಸಿಕೊಳ್ಳಿ.